ಹೊಸ ರೆಕಾರ್ಡರ್ ಬಾಕ್ಸ್ ಬರುತ್ತದಂತೆ, ಕಾಯುವುದಾ ಬೇಡವಾ?

ನೀರ್ಚಾಲು ಮನೆ

ಎಲ್ಲರಿಗೂ ನಮಸ್ಕಾರ. ಡಿಶ್, ರೆಕಾರ್ಡರ್ ವಿಷಯ ಗೊತ್ತಿರುವವರು ದಯವಿಟ್ಟು ಒಮ್ಮೆ ಪೂರ್ತಿ ಓದಿ, ಸ್ವಲ್ಪ ಉದ್ದ ಉಂಟು.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನಿಂದ ಒಳಗೆ, ಸುತ್ತ ಅಡಿಕೆ ತೋಟ. ರೆಕಾರ್ಡ್ ಆಗುವ ಎಚ್‌ಡಿ ಬಾಕ್ಸ್ ಒಂದು ಏಳೆಂಟು ವರ್ಷದಿಂದ ಇತ್ತು. ಮೊನ್ನೆ ತುಲಾವರ್ಷದ ಗುಡುಗು ಮಳೆಗೆ ಅದು ಹೋಯಿತು. ನಾನು ತೋಟದಲ್ಲಿದ್ದೆ, ಪ್ಲಗ್ ತೆಗೆಯಲು ಓಡಿ ಬರುವಷ್ಟರಲ್ಲಿ ಸಿಡಿಲು ಹೊಡೆದಾಗಿತ್ತು. ಬಾಕ್ಸ್‌ನಲ್ಲಿ ಲೈಟೇ ಇಲ್ಲ.

ಬಾಕ್ಸ್ ಹೋದದ್ದಕ್ಕೆ ಅಷ್ಟು ಬೇಸರ ಇಲ್ಲ. ಒಳಗಿದ್ದದ್ದು ಹೋಯಿತಲ್ಲ ಅಂತ ಬೇಸರ. ಅಪ್ಪ ಮದ್ದಳೆ ಬಾರಿಸುತ್ತಿದ್ದರು. ಈಗ ಕೈ ನಡುಗುತ್ತದೆ, ಬಾರಿಸಲು ಆಗುವುದಿಲ್ಲ. ಆರು ವರ್ಷದ ಹಿಂದೆ ಅವರ ತಂಡದ ಒಂದು ತಾಳಮದ್ದಳೆ ಟಿವಿಯಲ್ಲಿ ಬಂದಿತ್ತು, ಅದನ್ನು ರೆಕಾರ್ಡ್ ಮಾಡಿ ಇಟ್ಟಿದ್ದೆ. ಸಂಜೆ ಅಡಿಕೆ ಸುಲಿಯುವಾಗ ಅಪ್ಪ ಎಷ್ಟೋ ಸಲ ಅದನ್ನೇ ಹಾಕಿಸುತ್ತಿದ್ದರು. ಕಂಪನಿಗೆ ಫೋನ್ ಮಾಡಿದಾಗ, ಹಳೆ ಬಾಕ್ಸ್ ಕೊಟ್ಟರೆ ಕಡಿಮೆ ರೇಟಿಗೆ ಬೇರೆ ಬಾಕ್ಸ್ ಕೊಡುತ್ತೇವೆ, ರೆಕಾರ್ಡಿಂಗ್ ಮಾತ್ರ ವಾಪಸ್ ಸಿಗುವುದಿಲ್ಲ ಅಂದರು. ಹಾರ್ಡ್‌ಡಿಸ್ಕ್ ಬಿಚ್ಚಿ ಅದೇ ಮಾಡೆಲಿನ ಬೇರೆ ಬಾಕ್ಸ್‌ಗೆ ಹಾಕಿದರೆ ಆಗುತ್ತದಾ ಅಂತ ಕೇಳಿದೆ. ಆಗುವುದಿಲ್ಲವಂತೆ. ಯಾಕೆ ಆಗುವುದಿಲ್ಲ ಅಂತ ಅವರು ಹೇಳಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಬದಿಯಡ್ಕದಲ್ಲಿ ಅಂಗಡಿಯವರು ಹೇಳುವುದು, ಹೊಸ ರೆಕಾರ್ಡರ್ ಬಾಕ್ಸ್ ಒಂದು ಬರುವುದಿದೆ, ಈಗ ಹಳೇ ಮಾಡೆಲ್ ತೆಗೆದುಕೊಳ್ಳಬೇಡಿ, ಸ್ವಲ್ಪ ಕಾಯಿರಿ ಅಂತ. ಯಾವಾಗ, ರೇಟು ಎಷ್ಟು ಅಂತ ಅವರಿಗೂ ಗೊತ್ತಿಲ್ಲ. ಅವರ ಮೊಬೈಲಿನಲ್ಲಿ ಬಾಕ್ಸ್‌ನ ಹಿಂಬದಿಯ ಒಂದು ಫೋಟೋ ಇತ್ತು, ನೋಡಿ ಬಂದು ಬರೆದಿಟ್ಟುಕೊಂಡೆ. ಬಾಕ್ಸ್ ತುಂಬ ಚಿಕ್ಕದು, ಅಂಗೈ ಅಗಲ ಅಷ್ಟೆ. ಡಿಶ್ ಕೇಬಲ್ ಹಾಕುವ ತೂತು ಒಂದೇ ಒಂದು. ಎಚ್‌ಡಿಎಂಐ ಒಂದು. ಇಂಟರ್‌ನೆಟ್ ವಯರ್ ಹಾಕುವ ಜಾಗ ಒಂದು. ಯುಎಸ್‌ಬಿ ಎರಡು, ಅದರಲ್ಲಿ ಒಂದರ ಒಳಗೆ ನೀಲಿ ಬಣ್ಣ. ಕೆಂಪು, ಬಿಳಿ, ಹಳದಿ ವಯರ್ ಹಾಕುವ ತೂತುಗಳು ಇಲ್ಲ. ಕಾರ್ಡ್ ಹಾಕುವ ಜಾಗವೂ ಕಾಣಲಿಲ್ಲ. ಪವರ್ ಹತ್ತಿರ 12ವಿ 1.5ಎ ಅಂತ ಇತ್ತು.

ನಮಗೆ ಬೇಕಾದದ್ದು ಹೆಚ್ಚೇನಿಲ್ಲ. ರಾತ್ರಿ ಎಂಟಕ್ಕೆ ಅಮ್ಮನ ಧಾರಾವಾಹಿ, ಅದೇ ಹೊತ್ತಿಗೆ ಅಪ್ಪನಿಗೆ ಚಂದನ. ಅಣ್ಣನ ಮಕ್ಕಳಿಗೆ ಮಲಯಾಳಂ ಚಾನೆಲ್. ಎರಡು ರೆಕಾರ್ಡ್ ಆಗುವಾಗ ಮೂರನೆಯದು ನೋಡುವ ಹಾಗೆ ಇರಬೇಕು. ರಾತ್ರಿಯಿಡೀ ಯಕ್ಷಗಾನ ಆಟ ಬಂದರೆ ಪೂರ್ತಿ ಹಿಡಿಯುವಷ್ಟು ಜಾಗ ಬೇಕು. ಮತ್ತೆ, ಬಾಕ್ಸ್ ಹಾಳಾದರೂ ರೆಕಾರ್ಡ್ ಮಾಡಿದ್ದು ಉಳಿಯಬೇಕು. ಹೊಸತರಲ್ಲಿ ಇದೆಲ್ಲ ಇರಬಹುದಾ? ಕಾಯಬಹುದಾ?

ಕುಂಬಳೆ ಡಿಶ್ ಕೆಲಸ

ಅಕ್ಕ, ಮೊದಲು ಒಂದು ಮಾತು. ಹಳೇ ಬಾಕ್ಸನ್ನು ಯಾರಿಗೂ ಕೊಡಬೇಡಿ. ಕಡಿಮೆ ರೇಟಿಗೆ ಬೇರೆ ಕೊಡುತ್ತೇವೆ ಅಂದರೂ ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ನಾನು ಕುಂಬಳೆ, ಉಪ್ಪಳ, ಪೆರ್ಲ ಕಡೆ ಡಿಶ್ ಕೂರಿಸುವ ಕೆಲಸ ಮಾಡುವವನು, ಹದಿನೈದು ವರ್ಷ ಆಯಿತು. ಹೊಸ ಬಾಕ್ಸ್ ನಾನೂ ಕೈಯಲ್ಲಿ ಹಿಡಿದು ನೋಡಿಲ್ಲ. ಆದರೆ ನೀವು ಹಿಂಬದಿಯನ್ನು ಇಷ್ಟು ಸರಿಯಾಗಿ ನೋಡಿ ಬಂದಿದ್ದೀರಲ್ಲ, ಅದರಿಂದಲೇ ಸುಮಾರು ವಿಷಯ ಗೊತ್ತಾಗುತ್ತದೆ.

ಮೊದಲು ಕರೆಂಟ್ ಲೆಕ್ಕ. 12 ವೋಲ್ಟ್ 1.5 ಆಂಪಿಯರ್ ಅಂದರೆ 18 ವ್ಯಾಟ್. ದೊಡ್ಡ ಮೂರೂವರೆ ಇಂಚಿನ ಹಾರ್ಡ್‌ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ ಅದಕ್ಕೇ ಸುಮಾರು 2 ಆಂಪಿಯರ್ ಬೇಕು. ಆದ್ದರಿಂದ ಆ ಡಿಸ್ಕ್ ಒಳಗಿಲ್ಲ. ಅಂಗೈ ಅಗಲ ಅಂದಿರಿ, ಹಾಗಾದರೆ ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕ್ ಇರುವುದೂ ಅನುಮಾನವೇ. ಯುಎಸ್‌ಬಿ ಒಳಗೆ ನೀಲಿ ಬಣ್ಣ ಅಂದರೆ ಸಾಧಾರಣವಾಗಿ ಯುಎಸ್‌ಬಿ 3, ಅಂದರೆ ಹೊರಗಿನಿಂದ ಹಾರ್ಡ್‌ಡಿಸ್ಕ್ ಹಾಕಲು ಇಟ್ಟದ್ದು. ನನ್ನ ಅಂದಾಜು ಇದು: ಬಾಕ್ಸ್ ಅವರದು, ಡಿಸ್ಕ್ ನಾವೇ ತರಬೇಕು.

ಇದರಲ್ಲಿ ಒಂದು ಒಳ್ಳೆಯದುಂಟು. ಡಿಸ್ಕ್ ಹಾಳಾದರೆ ಬಾಕ್ಸ್ ಬದಲಿಸುವುದು ಬೇಡ, ಜಾಗವೂ ನಮಗೆ ಬೇಕಾದಷ್ಟು. ಲೆಕ್ಕ ಸುಲಭ. ಚಾನೆಲಿನ ಡೇಟಾ ಬರುವ ವೇಗ ಒಂದು ಎಂಬಿಪಿಎಸ್ ಆದರೆ ಗಂಟೆಗೆ 0.45 ಜಿಬಿ. ಎಚ್‌ಡಿ ಚಾನೆಲ್ 8 ಎಂಬಿಪಿಎಸ್ ಅಂತ ಹಿಡಿದರೆ ಗಂಟೆಗೆ 3.6 ಜಿಬಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆಟ ಅಂದರೆ 29 ಜಿಬಿ ಹತ್ತಿರ. 1 ಟಿಬಿ ಡಿಸ್ಕಿನಲ್ಲಿ ಇಂಥ ಮೂವತ್ತಕ್ಕಿಂತ ಜಾಸ್ತಿ ಆಟ ಹಿಡಿಯುತ್ತದೆ. ಸಾದಾ ಎಸ್‌ಡಿ ಚಾನೆಲ್ ಆದರೆ ಇನ್ನೂ ಎಷ್ಟೋ ಜಾಸ್ತಿ.

ತೊಂದರೆ ಕಾಣುವುದು ಆ ಒಂದೇ ಕೇಬಲ್ ತೂತಿನಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಾಕ್ಸ್ ಮಾರುವವರು ಇದನ್ನು ಹೇಳುವುದೇ ಇಲ್ಲ. ಉಪಗ್ರಹದಿಂದ ಬರುವ ಸಿಗ್ನಲ್ ಅಡ್ಡ, ನೀಟ ಅಂತ ಎರಡು ತರ. ಪ್ರತಿಯೊಂದರಲ್ಲೂ ಮತ್ತೆ ಕೆಳಗಿನ ಬ್ಯಾಂಡ್, ಮೇಲಿನ ಬ್ಯಾಂಡ್. ಒಟ್ಟು ನಾಲ್ಕು ಗುಂಪು. ಡಿಶ್ ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ತುಂಡಿಗೆ ಎಲ್‌ಎನ್‌ಬಿ ಅನ್ನುತ್ತಾರೆ. ಸಾಮಾನ್ಯ ಎಲ್‌ಎನ್‌ಬಿ ಒಂದು ಕೇಬಲಿನಲ್ಲಿ ಒಂದು ಹೊತ್ತಿಗೆ ಒಂದೇ ಗುಂಪನ್ನು ಕೆಳಗೆ ಕಳಿಸುತ್ತದೆ. ಯಾವ ಗುಂಪು ಬೇಕು ಅಂತ ಬಾಕ್ಸ್ ಅದೇ ಕೇಬಲಿನಲ್ಲಿ 13 ವೋಲ್ಟ್ ಅಥವಾ 18 ವೋಲ್ಟ್ ಕೊಟ್ಟು, ಜೊತೆಗೆ 22 ಕಿಲೋಹರ್ಟ್ಸ್ ಟೋನ್ ಕೊಟ್ಟು ಅಥವಾ ಕೊಡದೆ ಹೇಳುತ್ತದೆ. ಹಾಗಾಗಿ ನಿಮ್ಮ ಹಳೇ ರೆಕಾರ್ಡರ್‌ಗೆ ತಟ್ಟೆಯಿಂದ ಎರಡು ಕೇಬಲ್ ಎಳೆದಿರುತ್ತಾರೆ, ಒಂದೊಂದು ಟ್ಯೂನರ್‌ಗೆ (ಬಾಕ್ಸಿನೊಳಗೆ ಚಾನೆಲ್ ಹಿಡಿಯುವ ಭಾಗ) ಒಂದೊಂದು. ಮಾಡಿಗೆ ಹೋಗಿ ನೋಡಿ, ಎರಡು ಇರುತ್ತದೆ.

ಹೊಸತರಲ್ಲಿ ಒಂದೇ ತೂತು ಅಂದರೆ ಮೂರು ಸಾಧ್ಯತೆ. ಒಂದು, ಟ್ಯೂನರೇ ಒಂದು. ಹಾಗಾದರೆ ಅಮ್ಮನ ಧಾರಾವಾಹಿ ರೆಕಾರ್ಡ್ ಆಗುವಾಗ ಅಪ್ಪ ಚಂದನ ನೋಡುವ ಹಾಗಿಲ್ಲ. ಎರಡೂ ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರುತ್ತಿದ್ದರೆ ಮಾತ್ರ ಆಗಬಹುದು, ಅದು ನಮ್ಮ ಅದೃಷ್ಟ. ಎರಡು, ಯೂನಿಕೇಬಲ್. ಒಂದೇ ಕೇಬಲಿನಲ್ಲಿ ಬೇರೆ ಬೇರೆ ಟ್ಯೂನರ್‌ಗೆ ಬೇರೆ ಬೇರೆ ಫ್ರೀಕ್ವೆನ್ಸಿ ಹಂಚಿ ಕೊಡುವ ಎಲ್‌ಎನ್‌ಬಿ ಅದು. ಹೊಸ ಸ್ಟ್ಯಾಂಡರ್ಡ್ ಪ್ರಕಾರ ಒಂದು ಕೇಬಲಿನಲ್ಲಿ 32 ಟ್ಯೂನರ್‌ವರೆಗೆ ಆಗುತ್ತದೆ. ಆದರೆ ತಟ್ಟೆಯ ಮೇಲಿನ ಎಲ್‌ಎನ್‌ಬಿಯನ್ನೂ ಬದಲಿಸಬೇಕು, ಅದರ ಖರ್ಚು ಬೇರೆ. ಮೂರು, ಡಿಶ್‌ನಿಂದ ಒಂದು ಚಾನೆಲ್, ಉಳಿದದ್ದು ಇಂಟರ್‌ನೆಟ್‌ನಿಂದ. ಇಂಟರ್‌ನೆಟ್ ವಯರಿಗೆ ಜಾಗ ಕೊಟ್ಟದ್ದು ನೋಡಿದರೆ ನನಗೆ ಈ ಮೂರನೆಯದರ ಮೇಲೇ ಸಂಶಯ.

ಈಗ ರೆಕಾರ್ಡಿಂಗ್ ಯಾಕೆ ಬೇರೆ ಬಾಕ್ಸಿನಲ್ಲಿ ಆಡುವುದಿಲ್ಲ ಅಂತ ಕೇಳಿದಿರಿ. ಡಿಸ್ಕಿಗೆ ಬರೆಯುವಾಗ ಬಾಕ್ಸ್ ಅದಕ್ಕೆ ಬೀಗ ಹಾಕಿ ಬರೆಯುತ್ತದೆ. ಬೀಗದ ಕೈ ಆ ಬಾಕ್ಸಿನ ಮುಖ್ಯ ಚಿಪ್ಪಿನಲ್ಲಿ ಮಾತ್ರ. ಪ್ರತಿ ಚಿಪ್ಪಿಗೂ ಬೇರೆ ಬೇರೆ ಕೈ, ಒಂದೇ ಮಾಡೆಲ್ ಆದರೂ ಬೇರೆ. ಹೊಸ ಬಾಕ್ಸಿಗೆ ನೀವು ಹೊರಗಿನ ಡಿಸ್ಕ್ ಹಾಕಿದರೂ ಹೀಗೆಯೇ ಆಗುತ್ತದೆ. ಡಿಸ್ಕ್ ನಿಮ್ಮದು, ಬೀಗ ಅವರದು.

ಇದಕ್ಕೇ ಹಳೇ ಬಾಕ್ಸ್ ಕೊಡಬೇಡಿ ಅಂದದ್ದು. ಸಿಡಿಲು ಕರೆಂಟ್ ವಯರಿನಲ್ಲಿ ಬಂದರೆ ಅಡಾಪ್ಟರ್ ಮೊದಲು ಹೋಗುತ್ತದೆ. ಡಿಶ್ ಕೇಬಲಿನಲ್ಲಿ ಬಂದರೆ ಟ್ಯೂನರಿನ ಕಡೆ ಸುಡುತ್ತದೆ. ಎಚ್‌ಡಿಎಂಐ ಸುಡುವುದೂ ತುಂಬ ನೋಡಿದ್ದೇನೆ. ಮುಖ್ಯ ಚಿಪ್ ಎಷ್ಟೋ ಸಲ ಜೀವಂತ ಇರುತ್ತದೆ. ಚಿಪ್, ಡಿಸ್ಕ್ ಎರಡೂ ಸರಿ ಇದ್ದರೆ ಅಪ್ಪನ ತಾಳಮದ್ದಳೆ ಒಳಗೇ ಉಂಟು. ಅಡಾಪ್ಟರ್ ಹೊರಗಿನದ್ದಾ, ಒಳಗಿನದ್ದಾ? ಹೊರಗಿನದ್ದಾದರೆ ಅದರ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಅದೇ ಅಳತೆಯದ್ದು ಬೇರೆ ಹಾಕಿ ನೋಡಿ. ವೋಲ್ಟ್ ಮಾತ್ರ ತಪ್ಪಬಾರದು. ಡಿಶ್ ಕೇಬಲ್ ಹಾಕಬೇಡಿ, ಬರೀ ಬಾಕ್ಸ್ ಆನ್ ಮಾಡಿ.

ವರ್ಕಾಡಿ ಮಾಷ್ಟ್ರು

ಕುಂಬಳೆಯವರು ಹೇಳಿದ್ದು ಸರಿಯಾಗಿದೆ. ನಾನು ಬೇರೆ ಒಂದು ದಾರಿ ಹೇಳುತ್ತೇನೆ, ಹತ್ತು ವರ್ಷದಿಂದ ನಡೆಸುತ್ತಿರುವವನು.

ನನಗೆ ಬೇಕಾದದ್ದು ಚಂದನ ಮತ್ತು ವಾರ್ತೆ. ಅದಕ್ಕೆ ತಿಂಗಳು ತಿಂಗಳು ರೀಚಾರ್ಜ್ ಯಾಕೆ ಅಂತ ಡಿಡಿ ಫ್ರೀ ಡಿಶ್ ಹಾಕಿಸಿದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಅದೇ. ಚಂದನ ಅದರಲ್ಲಿ ಬರುತ್ತದೆ. ಅದಕ್ಕೆ ಬೀಗ ಇಲ್ಲ. ಪೇಟೆಯಲ್ಲಿ ಸಿಗುವ ಸಾದಾ ಫ್ರೀ ಬಾಕ್ಸ್‌ಗಳಲ್ಲಿ ಸುಮಾರು ಎಲ್ಲದರಲ್ಲೂ ಯುಎಸ್‌ಬಿ ಇರುತ್ತದೆ, ಪೆನ್‌ಡ್ರೈವ್ ಹಾಕಿ ರಿಮೋಟಿನಲ್ಲಿ ರೆಕಾರ್ಡ್ ಒತ್ತಿದರೆ ಮುಗಿಯಿತು. ಆ ಫೈಲ್ ಕಂಪ್ಯೂಟರಿನಲ್ಲೂ ಆಡುತ್ತದೆ. ಬಾಕ್ಸ್ ಸುಟ್ಟು ಹೋದರೂ ಫೈಲ್ ನಮ್ಮ ಕೈಯಲ್ಲಿ. ನನ್ನಲ್ಲಿ ಹೀಗೆ ರೆಕಾರ್ಡ್ ಮಾಡಿದ ಯಕ್ಷಗಾನ, ಸಂಗೀತ ಕಾರ್ಯಕ್ರಮಗಳ ಒಂದು ಡಿಸ್ಕ್ ತುಂಬ ಉಂಟು. ಅದನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ಮಗಳ ಮನೆಯಲ್ಲಿ ಇಟ್ಟಿದ್ದೇನೆ.

ಒಂದೆರಡು ವಿಷಯ ಗಮನಿಸಬೇಕು. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿಗಿಂತ ದೊಡ್ಡದಾಗುವುದಿಲ್ಲ. ಕೆಲವು ಬಾಕ್ಸ್ ತಾನೇ ತುಂಡು ಮಾಡಿ ಮುಂದುವರಿಸುತ್ತದೆ, ಕೆಲವು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ದೊಡ್ಡ ಕಾರ್ಯಕ್ರಮಕ್ಕೆ ಮೊದಲು ಒಂದು ರಾತ್ರಿ ಸುಮ್ನೆ ಹಾಕಿ ಪರೀಕ್ಷೆ ಮಾಡಿ. ಮತ್ತೆ ಟೈಮರ್ ಇಡುವಾಗ ಐದು ನಿಮಿಷ ಮುಂಚೆ ಶುರು, ಕಾಲು ಗಂಟೆ ತಡವಾಗಿ ಮುಗಿಯುವ ಹಾಗೆ ಇಡಿ. ನನಗೆ ಒಮ್ಮೆ ಮಂಗಳಪದ ಸಿಗದೆ ಹೋಗಿತ್ತು, ಆಮೇಲೆ ಈ ಅಭ್ಯಾಸ.

ಧಾರಾವಾಹಿಗೆ ಇದು ಆಗುವುದಿಲ್ಲ, ಅದಕ್ಕೆ ದುಡ್ಡಿನ ಚಾನೆಲ್ ಬೇಕು. ಆದರೆ ಉಳಿಸಿಕೊಳ್ಳಬೇಕಾದದ್ದು ಧಾರಾವಾಹಿ ಅಲ್ಲ ಅಲ್ವಾ. ಅದನ್ನು ಒಂದು ಸಲ ನೋಡಿದರೆ ಆಯಿತು. ನೀರ್ಚಾಲಿನ ಅಕ್ಕ, ಉಳಿಸುವುದಕ್ಕೆ ಒಂದು ಬಾಕ್ಸ್, ನೋಡುವುದಕ್ಕೆ ಒಂದು ಬಾಕ್ಸ್ ಅಂತ ಬೇರೆ ಬೇರೆ ಮಾಡಿ. ಎರಡನ್ನೂ ಒಂದರಲ್ಲೇ ಹುಡುಕಿದರೆ ಇನ್ನೂ ಬಾರದ ಬಾಕ್ಸಿಗೆ ಕಾಯುತ್ತಲೇ ಇರಬೇಕಾಗುತ್ತದೆ.

ಮುಳ್ಳೇರಿಯ ಹುಡುಗ

ಇಷ್ಟೆಲ್ಲ ಯಾಕೆ? ಈಗ ಎಲ್ಲ ಯೂಟ್ಯೂಬಿನಲ್ಲಿ ಸಿಗುತ್ತದೆ. ಚಂದನದ್ದೇ ಚಾನೆಲ್ ಉಂಟು ಅಲ್ಲಿ. ಧಾರಾವಾಹಿ ಆಯಾ ಆ್ಯಪ್‌ನಲ್ಲಿ. ನಾವು ಮನೆಯಲ್ಲಿ ಡಿಶ್ ತೆಗೆದೇ ಬಿಟ್ಟೆವು, ಫೈಬರ್ ಸಾಕು. ಹೊಸ ರೆಕಾರ್ಡರ್ ಬಂದರೂ ಯಾರು ತೆಗೆದುಕೊಳ್ಳುತ್ತಾರೆ ಅಂತ ನನಗೆ ಅರ್ಥ ಆಗುವುದಿಲ್ಲ.

ನೀರ್ಚಾಲು ಮನೆ

ತಮ್ಮಾ, ಯೂಟ್ಯೂಬಿನಲ್ಲಿ ಹುಡುಕದೆ ಇರುತ್ತೇನಾ? ಎರಡು ದಿನ ಕೂತು ಹುಡುಕಿದೆ. ಅದೇ ವರ್ಷದ ಬೇರೆ ತಾಳಮದ್ದಳೆ ಸಿಕ್ಕಿತು, ಅಪ್ಪನ ತಂಡದ್ದು ಸಿಗಲಿಲ್ಲ. ಮತ್ತೆ ನಮ್ಮಲ್ಲಿ ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ಸಿಗ್ನಲ್ ಬೇಕಾದರೆ ಜಗಲಿಯ ತುದಿಗೆ ಹೋಗಬೇಕು. ಅಪ್ಪನಿಗೆ ಫೋನಿನಲ್ಲಿ ನೋಡಿ ಅಭ್ಯಾಸವೂ ಇಲ್ಲ.

ಮಾಷ್ಟ್ರೇ, ನಿಮ್ಮ ಮಾತು ಮನಸ್ಸಿಗೆ ಬಂತು. ಕುಂಬಳೆ ಅಣ್ಣ, ಅಡಾಪ್ಟರ್ ಹೊರಗಿನದ್ದೇ. ಅಣ್ಣನಿಗೆ ಕಾಸರಗೋಡಿನಿಂದ ತರಲು ಹೇಳಿದ್ದೇನೆ. ಹೊಸ ಬಾಕ್ಸ್‌ನಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ರೆಕಾರ್ಡೇ ಆಗುವುದಿಲ್ಲ ಅಂತ ಆಗಬಹುದಾ? ಅದೊಂದು ಹೆದರಿಕೆ.

ಬೇಳದಿಂದ ಲಂಡನ್‌ಗೆ

ಅಕ್ಕ, ನಿಮ್ಮ ಹೆದರಿಕೆ ಸುಳ್ಳಲ್ಲ. ನಾನು ಬೇಳದವನು, ಇಂಗ್ಲೆಂಡಿಗೆ ಬಂದು ಸುಮಾರು ವರ್ಷ ಆಯಿತು. ಇಲ್ಲಿ ಈ ರೆಕಾರ್ಡರ್‌ಗಳ ಕಥೆ ಪೂರ್ತಿ ಒಂದು ಸುತ್ತು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ 2001ರಲ್ಲೇ ಸ್ಕೈ ಪ್ಲಸ್ ಅಂತ ಎರಡು ಟ್ಯೂನರಿನ ರೆಕಾರ್ಡರ್ ಬಂತು. ನಮ್ಮ ದೇಶದಲ್ಲಿ ಟಾಟಾ ಸ್ಕೈ ಪ್ಲಸ್ ಬಂದದ್ದು 2008ರಲ್ಲಿ. ಆಮೇಲೆ ಇಲ್ಲಿ 2016ರಲ್ಲಿ ಸ್ಕೈ ಕ್ಯೂ ಬಂತು. ಅದರ ದೊಡ್ಡ ಬಾಕ್ಸಿನಲ್ಲಿ 2 ಟಿಬಿ, ನಾಲ್ಕು ಚಾನೆಲ್ ರೆಕಾರ್ಡ್ ಆಗುವಾಗ ಐದನೆಯದು ನೋಡಬಹುದಿತ್ತು. ಅದಕ್ಕೂ ಕೇಬಲ್ ಎರಡೇ. ಆದರೆ ಎಲ್‌ಎನ್‌ಬಿ ಬೇರೆ ತರ: ಒಂದು ಕೇಬಲಿನಲ್ಲಿ ಅಡ್ಡದ ಸಿಗ್ನಲ್ ಪೂರ್ತಿ, ಇನ್ನೊಂದರಲ್ಲಿ ನೀಟದ್ದು ಪೂರ್ತಿ. ಬ್ಯಾಂಡ್ ಬದಲಿಸುವ ತಾಪತ್ರಯವೇ ಇಲ್ಲ. ಅಮೆರಿಕದಲ್ಲಿ ಅದೇ ವರ್ಷ ಡಿಶ್ ನೆಟ್‌ವರ್ಕಿನವರ ಹಾಪರ್ 3 ಬಂತು, 16 ಟ್ಯೂನರ್. ನಾನು ಆಗ ಯೋಚಿಸಿದ್ದೆ, ಇದು ಊರಿಗೂ ಬರುತ್ತದೆ, ನಮ್ಮ ಕೂಡುಕುಟುಂಬದ ಮನೆಗಳಿಗೆ ಎಷ್ಟು ಹೇಳಿ ಮಾಡಿಸಿದ ಹಾಗೆ ಇರುತ್ತದೆ ಅಂತ.

ಆದರೆ ಆಮೇಲೆ ಗಾಳಿ ಬೇರೆ ಕಡೆ ತಿರುಗಿತು. 2021ರಲ್ಲಿ ಸ್ಕೈ ಗ್ಲಾಸ್ ಅಂತ ಟಿವಿಯನ್ನೇ ತಂದರು. ತಟ್ಟೆ ಬೇಡ, ಹಾರ್ಡ್‌ಡಿಸ್ಕ್ ಇಲ್ಲ. ರೆಕಾರ್ಡ್ ಒತ್ತುವ ಬದಲು ಪ್ಲೇಲಿಸ್ಟಿಗೆ ಸೇರಿಸುವುದು. ನೋಡುವಾಗ ಎಲ್ಲ ಇಂಟರ್‌ನೆಟ್‌ನಿಂದ ಬರುತ್ತದೆ. ಅನುಕೂಲವೇ, ಆದರೆ ಅದು ನಮ್ಮ ಮನೆಯಲ್ಲಿ ಇಲ್ಲ. ಅವರು ಇಟ್ಟಷ್ಟು ದಿನ ಇರುತ್ತದೆ, ತೆಗೆದ ದಿನ ಇಲ್ಲ. ನೀವು ಹೇಳಿದ ಫೋಟೋದಲ್ಲಿ ಚಿಕ್ಕ ಬಾಕ್ಸ್, ಒಂದು ಕೇಬಲ್, ಇಂಟರ್‌ನೆಟ್ ತೂತು ಅಂತ ಓದಿದಾಗ ನನಗೆ ಇದೇ ನೆನಪಾಯಿತು. ಕಂಪನಿಯವರು ರೆಕಾರ್ಡಿಂಗ್ ಅಂತ ಬರೆದರೂ, ಯಾವುದಕ್ಕೆ ಬರೆಯುತ್ತದೆ, ಇಂಟರ್‌ನೆಟ್ ಇಲ್ಲದ ದಿನ ಅದು ಆಡುತ್ತದಾ, ಇದನ್ನೇ ಮೊದಲು ಕೇಳಿ.

ಜಾಹೀರಾತು ತಾನೇ ಹಾರಿಸುವ ಬಟನ್ ಇರುತ್ತದೆ ಅಂತ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲೂ ಓಡಾಡುತ್ತಿದೆ. ಅದನ್ನು ನಂಬಬೇಡಿ. 2012ರಲ್ಲಿ ಅದೇ ಡಿಶ್ ನೆಟ್‌ವರ್ಕಿನವರು ಮೊದಲ ಹಾಪರ್ ಬಾಕ್ಸಿಗೆ ಅದನ್ನು ಕೊಟ್ಟಾಗ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಚಾನೆಲಿನವರು ಕೋರ್ಟಿಗೆ ಹೋಗಿದ್ದರು. ಚಾನೆಲಿನವರ ಜೊತೆ ವ್ಯವಹಾರ ಇರುವ ಯಾವ ಕಂಪನಿಯೂ ಅದಕ್ಕೆ ಸುಲಭವಾಗಿ ಕೈ ಹಾಕುವುದಿಲ್ಲ.

ರೆಕಾರ್ಡಿಂಗನ್ನು ಬಾಕ್ಸಿನಿಂದ ಹೊರಗೆ ತೆಗೆಯುವ ವ್ಯವಸ್ಥೆ ಮಾತ್ರ ಬಂದರೂ ಬರಬಹುದು ಅಂತ ನನಗೆ ಆಸೆ. ಹೊಸ ಮಾತೇನಲ್ಲ ಅದು. ಟಾಟಾ ಸ್ಕೈ ಪ್ಲಸ್ ಟ್ರಾನ್ಸ್‌ಫರ್ ಅಂತ ಒಂದು ಬಾಕ್ಸ್ ಇತ್ತು, ವೈಫೈಯಲ್ಲಿ ರೆಕಾರ್ಡಿಂಗ್ ಫೋನಿಗೆ, ಟ್ಯಾಬಿಗೆ ಹೋಗುತ್ತಿತ್ತು. ಬೀಗ ಹಾಗೇ ಇಟ್ಟುಕೊಂಡೂ ಇಷ್ಟು ಮಾಡಬಹುದು ಅಂತ ಆಗಲೇ ಗೊತ್ತಾಗಿದೆ. ಮನಸ್ಸು ಮಾಡಬೇಕು ಅಷ್ಟೆ.

ಪೆರ್ಲ ತೋಟ

ನೀವೆಲ್ಲ ಟ್ಯೂನರ್ ಲೆಕ್ಕದಲ್ಲಿ ಇದ್ದೀರಿ, ನಮ್ಮ ಮಳೆಯ ಬಗ್ಗೆ ಯಾರೂ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ರೆಕಾರ್ಡ್ ಹಾಕಿದರೆ ಅರ್ಧ ಚೌಕ ಚೌಕ, ಅರ್ಧ ಕಪ್ಪು. ಎಷ್ಟು ಒಳ್ಳೆ ಬಾಕ್ಸ್ ಬಂದರೂ ಸಿಗ್ನಲ್ ಇಲ್ಲದೆ ಏನು ಹಿಡಿಯುತ್ತದೆ? ಹೊಸತರಲ್ಲಿ ಮಳೆಗೆ ಏನಾದರೂ ಉಪಾಯ ಇರಬಹುದಾ? ಮಳೆಯಲ್ಲಿ ಹೋದ ತುಂಡನ್ನು ಆಮೇಲೆ ಇಂಟರ್‌ನೆಟ್‌ನಿಂದ ತುಂಬಿಸಿಕೊಳ್ಳುವ ಹಾಗೆ ಮಾಡಿದರೆ ನಾನು ನಾಳೆಯೇ ತೆಗೆದುಕೊಳ್ಳುತ್ತೇನೆ.

ಇನ್ನೊಂದು, ಪ್ರೋಗ್ರಾಂ ಪಟ್ಟಿ ಕನ್ನಡದಲ್ಲಿ ಬರಬೇಕು. ಅಡ್ರೆಸ್ ಕೇರಳದ್ದು ಅಂತ ನಮಗೆ ಮಲಯಾಳಂ ಪ್ಯಾಕನ್ನೇ ಮೊದಲು ತೋರಿಸುತ್ತಾರೆ, ಕನ್ನಡ ಚಾನೆಲ್ ಒಂದೊಂದಾಗಿ ಆರಿಸಿ ಹಾಕಿಸಿಕೊಳ್ಳಬೇಕು. 1956ರಿಂದ ಕೇರಳದಲ್ಲಿ ಇದ್ದೇವೆ ಸರಿ, ಮನೆಯ ಮಾತು ಕನ್ನಡವೇ ಅಲ್ವಾ. ನನ್ನ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಪಟ್ಟಿಯಲ್ಲಿ ಕನ್ನಡ ಅಕ್ಷರ ಇದ್ದಿದ್ದರೆ ಅವರೇ ರೆಕಾರ್ಡ್ ಇಡುತ್ತಿದ್ದರು.

ಕುಂಬಳೆ ಡಿಶ್ ಕೆಲಸ

ಪೆರ್ಲದವರೇ, ಮಳೆಗೆ ಉಪಾಯ ಬಾಕ್ಸಿನಲ್ಲಿ ಅಲ್ಲ, ತಟ್ಟೆಯಲ್ಲಿ ಉಂಟು. ಡಿಟಿಎಚ್ ಬರುವುದು ಕೆಯು ಬ್ಯಾಂಡಿನಲ್ಲಿ, 11-12 ಗಿಗಾಹರ್ಟ್ಸ್ ಹತ್ತಿರ. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೆ, ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಹಿಂದೆ ಕೇಬಲಿನವರ ದೊಡ್ಡ ತಟ್ಟೆಗಳು ಇದ್ದವಲ್ಲ, ಅದು ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಹತ್ತಿರ, ಮಳೆಗೆ ಅಷ್ಟು ಬಗ್ಗುತ್ತಿರಲಿಲ್ಲ.

ಕಂಪನಿಯವರು ಕೊಡುವುದು 60 ಸೆಂಟಿಮೀಟರಿನ ತಟ್ಟೆ. ಅದರ ಬದಲು 90ರದ್ದು ಹಾಕಿದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟು ಆಗುತ್ತದೆ, ಸುಮಾರು ಮೂರೂವರೆ ಡೆಸಿಬೆಲ್ ಜಾಸ್ತಿ. ಆಕಾಶ ಹರಿದು ಬೀಳುವ ಮಳೆಗೆ ಅದೂ ಸಾಲದು. ಆದರೆ ಸಾಧಾರಣ ಮಳೆಗೆ ರೆಕಾರ್ಡಿಂಗ್ ತುಂಡಾಗುವುದು ತುಂಬ ಕಡಿಮೆ ಆಗುತ್ತದೆ. ಪೆರ್ಲ, ಬಾಯಾರು ಕಡೆ ಮೂರ್ನಾಲ್ಕು ಮನೆಗೆ ಹಾಕಿದ್ದೇನೆ, ಅವರು ಖುಷಿಯಾಗಿದ್ದಾರೆ. ಮತ್ತೆ ತೋಟದವರು ಒಂದು ನೋಡಿ. ಫ್ರೀ ಡಿಶ್ ಇರುವುದು ಜಿಸ್ಯಾಟ್-15ರಲ್ಲಿ, 93.5 ಡಿಗ್ರಿ ಪೂರ್ವ. ನಮ್ಮ ಊರಿನಿಂದ ನೋಡಿದರೆ ಅದು ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ, ನೆಲದಿಂದ 64 ಡಿಗ್ರಿ ಹತ್ತಿರ ಎತ್ತರದಲ್ಲಿ. ಅಷ್ಟು ಮೇಲೆ ಇರುವುದರಿಂದ ದೂರದ ಮರ ತೊಂದರೆ ಕೊಡುವುದಿಲ್ಲ. ಮನೆಗೆ ತಾಗಿ ಇರುವ ಅಡಿಕೆ ಮರದ ಸೋಗೆ ಕೊಡುತ್ತದೆ. ಗಾಳಿಗೆ ಸೋಗೆ ಅಲ್ಲಾಡಿದಾಗಲೆಲ್ಲ ಚಿತ್ರ ನಿಲ್ಲುತ್ತದೆ. ಜನ ಬಾಕ್ಸ್ ಹಾಳು ಅಂತ ಬದಲಿಸುತ್ತಾರೆ. ಮೊದಲು ಹೊರಗೆ ಹೋಗಿ ತಲೆ ಎತ್ತಿ ನೋಡಿ.

ಸಿಡಿಲಿನದ್ದೇ ದೊಡ್ಡ ಸಮಸ್ಯೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬಂತು ಅಂದರೆ ಎಲ್ಲರೂ ಪ್ಲಗ್ ತೆಗೆಯುತ್ತಾರೆ, ತೆಗೆಯಲೇಬೇಕು. ತೆಗೆದರೆ ಆ ದಿನದ ರೆಕಾರ್ಡ್ ಇಲ್ಲ. ಪ್ಲಗ್ ಮಾತ್ರ ತೆಗೆದರೆ ಸಾಲದು, ಡಿಶ್ ಕೇಬಲನ್ನೂ ಬಿಚ್ಚಬೇಕು, ತಟ್ಟೆಯನ್ನು ಅರ್ತಿಂಗ್ ಮಾಡಿಸಬೇಕು. ಹೊಸ ಬಾಕ್ಸಿನಲ್ಲಿ ಎಷ್ಟೇ ಟ್ಯೂನರ್ ಇರಲಿ, ಸಂಜೆ ಆರಕ್ಕೆ ಕೇಬಲ್ ಬಿಚ್ಚಿಟ್ಟ ಮನೆಯಲ್ಲಿ ಅದು ಏನೂ ರೆಕಾರ್ಡ್ ಮಾಡುವುದಿಲ್ಲ. ನೀವು ಹೇಳಿದ ಹಾಗೆ ಬಿಟ್ಟು ಹೋದದ್ದನ್ನು ಇಂಟರ್‌ನೆಟ್‌ನಿಂದ ತುಂಬಿಸುವ ವ್ಯವಸ್ಥೆ ಬಂದರೆ ನಮ್ಮ ಜಿಲ್ಲೆಗೆ ಅದೇ ಎಲ್ಲಕ್ಕಿಂತ ಉಪಕಾರದ್ದು. ನಾಲ್ಕು ಟ್ಯೂನರಿಗಿಂತ ನಾನು ಅದನ್ನೇ ಕೇಳುತ್ತೇನೆ.

ಬೀಗದ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಒಂದೇ ಬಾಕ್ಸ್ ಎಲ್ಲ ಕಂಪನಿಗೂ ಹೊಂದುವ ಹಾಗೆ ಇರಬೇಕು ಅಂತ 2020ರ ಏಪ್ರಿಲ್‌ನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತ್ತು. ಹಾಗೆ ಆದರೆ ಕಂಪನಿ ಬದಲಿಸುವಾಗ ರೆಕಾರ್ಡರ್ ಬಿಸಾಡುವುದು ಬೇಡ. ನನ್ನ ಗೋಡೌನಿನಲ್ಲಿ ಒಳ್ಳೊಳ್ಳೆ ಬಾಕ್ಸ್ ರಾಶಿ ಬಿದ್ದಿದೆ, ಡಿಸ್ಕ್ ಸರಿ, ಟ್ಯೂನರ್ ಸರಿ, ಆದರೆ ಬೇರೆಯವರ ಸಿಗ್ನಲಿಗೆ ಪ್ರಯೋಜನ ಇಲ್ಲ. ನೋಡುವಾಗ ಹೊಟ್ಟೆ ಉರಿಯುತ್ತದೆ.

ನೀರ್ಚಾಲು ಮನೆ

ಕುಂಬಳೆ ಅಣ್ಣ, ಲೈಟ್ ಬಂತು!

ಅಣ್ಣ ನಿನ್ನೆ ರಾತ್ರಿ ಅಡಾಪ್ಟರ್ ತಂದರು, 12 ವೋಲ್ಟಿನದ್ದೇ. ಹಾಕಿದ ಕೂಡಲೇ ಕೆಂಪು ಲೈಟ್ ಬಂತು, ಒಳಗೆ ಡಿಸ್ಕ್ ತಿರುಗುವ ಶಬ್ದ ಕೇಳಿತು. ಟಿವಿಯಲ್ಲಿ ಮಾತ್ರ ಏನೂ ಇಲ್ಲ. ಎಚ್‌ಡಿಎಂಐ ಸುಡುತ್ತದೆ ಅಂತ ನೀವು ಬರೆದದ್ದು ನೆನಪಾಗಿ, ಅಟ್ಟದಲ್ಲಿದ್ದ ಹಳೇ ಡಬ್ಬ ಟಿವಿಯನ್ನು ಕೆಳಗೆ ಇಳಿಸಿ ಮೂರು ಬಣ್ಣದ ವಯರ್ ಹಾಕಿದೆವು. ಸಿಗ್ನಲ್ ಇಲ್ಲ ಅಂತ ಬಂತು. ರಿಮೋಟಿನಲ್ಲಿ ಪಟ್ಟಿ ಒತ್ತಿದರೆ ರೆಕಾರ್ಡ್ ಮಾಡಿದ್ದೆಲ್ಲ ಸಾಲಾಗಿ ಉಂಟು. ಅಪ್ಪನದ್ದು ಕೆಳಗಿನಿಂದ ನಾಲ್ಕನೆಯದು. ಹಾಕಿದೆ. ನಡುವೆ ಒಂದೆರಡು ಕಡೆ ನಿಂತು ಮುಂದೆ ಹೋಗುತ್ತದೆ, ಉಳಿದದ್ದು ಸರಿ ಉಂಟು. ಅಪ್ಪ ಕುರ್ಚಿ ಹತ್ತಿರ ಎಳೆದು ಕೂತು ಪೂರ್ತಿ ನೋಡಿದರು. ಬಲಗೈ ಬೆರಳು ಕುರ್ಚಿಯ ಮೇಲೆ ತಾಳ ಹಾಕುತ್ತಾ ಇತ್ತು.

ಇದನ್ನು ಈಗ ಹೇಗೆ ತೆಗೆದಿಡುವುದು ಹೇಳಿ. ಬಾಕ್ಸ್ ಮತ್ತೆ ಯಾವಾಗ ನಿಲ್ಲುತ್ತದೆ ಗೊತ್ತಿಲ್ಲ.

ಕುಂಬಳೆ ಡಿಶ್ ಕೆಲಸ

ತುಂಬ ಸಂತೋಷ ಆಯಿತು ಅಕ್ಕ. ತಡ ಮಾಡಬೇಡಿ, ಇವತ್ತೇ ಮಾಡಿ. ಮನೆಯಲ್ಲಿ ಇರುವ ಒಳ್ಳೆಯ ಫೋನನ್ನು ಸ್ಟ್ಯಾಂಡಿನ ಮೇಲೆ ಟಿವಿಗೆ ನೇರ ಇಟ್ಟು ವಿಡಿಯೋ ಮಾಡಿ. ಕೋಣೆ ಕತ್ತಲೆ ಇರಲಿ, ಫ್ಯಾನ್ ಆಫ್ ಮಾಡಿ. ಟಿವಿಯ ಸೌಂಡ್ ಮಧ್ಯಮ ಇಡಿ, ಜಾಸ್ತಿ ಇಟ್ಟರೆ ಮದ್ದಳೆ ಪೆಟ್ಟು ಒಡೆದ ಹಾಗೆ ಕೇಳುತ್ತದೆ. ಫೋನಿನಲ್ಲಿ ಜಾಗ ಖಾಲಿ ಮಾಡಿಟ್ಟುಕೊಂಡು ಶುರು ಮಾಡಿ. ಚಿತ್ರ ಎಚ್‌ಡಿಯಷ್ಟು ಚಂದ ಇರುವುದಿಲ್ಲ, ಆದರೆ ಉಳಿಯುತ್ತದೆ. ಡಿಸ್ಕ್ ನಿಲ್ಲುವ ಕಡೆ ಮತ್ತೆ ಮತ್ತೆ ಹಿಂದೆ ಹೋಗಿ ಹಾಕಬೇಡಿ, ಅದು ಹಾಳಾಗುತ್ತಿರುವ ಲಕ್ಷಣ, ಒಂದೇ ಸಲ ಓಡಿಸಿ ಮುಗಿಸಿ. ಭಾನುವಾರ ನಾನು ಬದಿಯಡ್ಕ ಕಡೆ ಬರುವುದುಂಟು, ಎಚ್‌ಡಿಎಂಐ ಸರಿಯಾಗುತ್ತದಾ ನೋಡುತ್ತೇನೆ.

ವರ್ಕಾಡಿ ಮಾಷ್ಟ್ರು

ವಿಡಿಯೋ ಆದ ಮೇಲೆ ಎರಡು ಕಡೆ ಕಾಪಿ ಇಡಿ, ಒಂದು ಬೇರೆ ಮನೆಯಲ್ಲಿ. ಸಾಧ್ಯವಾದರೆ ಅಪ್ಪನ ಹತ್ತಿರ ಕೂತು ಭಾಗವತರು ಯಾರು, ಅರ್ಥ ಹೇಳಿದವರು ಯಾರು ಅಂತ ಕೇಳಿ ಬರೆದಿಡಿ. ನನ್ನ ಸಂಗ್ರಹದಲ್ಲಿ ಹೆಸರು ಗೊತ್ತಿಲ್ಲದ ಎಷ್ಟೋ ಆಟ ಉಂಟು, ಈಗ ಕೇಳಲು ಜನ ಇಲ್ಲ.

ನೀರ್ಚಾಲು ಮನೆ

ವಿಡಿಯೋ ಆಯಿತು. ಮುಕ್ಕಾಲು ಗಂಟೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಮಕ್ಕಳು ಕೂಡ. ಅಣ್ಣನ ಲ್ಯಾಪ್‌ಟಾಪಿಗೆ ಒಂದು, ಪೆನ್‌ಡ್ರೈವಿಗೆ ಒಂದು ಹಾಕಿದೆ. ಹೆಸರುಗಳನ್ನು ಅಪ್ಪ ಹೇಳುತ್ತಾ ಹೋದರು, ಒಂದು ಪುಟ ಆಯಿತು. ಚೆಂಡೆಯವರ ಹೆಸರು ಮಾತ್ರ ನೆನಪಾಗಲಿಲ್ಲ, ನಾಳೆ ಹೇಳುತ್ತೇನೆ ಅಂದಿದ್ದಾರೆ.

ಹೊಸ ಬಾಕ್ಸಿಗೆ ಕಾಯುವುದಿಲ್ಲ ಅಂತ ನಿರ್ಧಾರ ಮಾಡಿದೆವು. ಅಮ್ಮನಿಗೂ ಮಕ್ಕಳಿಗೂ ಸದ್ಯಕ್ಕೆ ಸಾದಾ ಎಚ್‌ಡಿ ಬಾಕ್ಸ್ ಸಾಕು. ಅಪ್ಪನ ಕೋಣೆಗೆ ಫ್ರೀ ಡಿಶ್, 90ರ ತಟ್ಟೆ, ಯುಎಸ್‌ಬಿ ಇರುವ ಬಾಕ್ಸ್. ಅರ್ತಿಂಗ್ ಕುಂಬಳೆ ಅಣ್ಣನೇ ಮಾಡಿ ಕೊಡಬೇಕು. ಹೊಸ ರೆಕಾರ್ಡರ್ ಯಾರಾದರೂ ತೆಗೆದುಕೊಂಡರೆ ದಯವಿಟ್ಟು ಮೂರು ವಿಷಯ ನೋಡಿ ಇಲ್ಲಿ ಬರೆಯಿರಿ: ಇಂಟರ್‌ನೆಟ್ ವಯರ್ ತೆಗೆದಾಗ ರೆಕಾರ್ಡಿಂಗ್ ಆಡುತ್ತದಾ, ಒಂದೇ ಕೇಬಲಿನಲ್ಲಿ ಎಷ್ಟು ಚಾನೆಲ್ ರೆಕಾರ್ಡ್ ಆಗುತ್ತದೆ, ಪಟ್ಟಿಯಲ್ಲಿ ಕನ್ನಡ ಅಕ್ಷರ ಉಂಟಾ. ಆಗ ಮತ್ತೆ ಯೋಚಿಸುತ್ತೇನೆ.